ಎಂಟು ತಿಂಗಳ ಕೂಸು ಮತ್ತು ಅದರ ಉಸಿರು

"ಏಳು ತಿಂಗಳಿಗೆ ಹುಟ್ಟಿದ ಕೂಸು ಬದುಕೀತು, ಎಂಟು ತಿಂಗಳಿಗೆ ಹುಟ್ಟಿದ್ದು ಬದುಕಲಾರದು" ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹಿರಿಯರು ಇಂದಿಗೂ ಆಡುವುದುಂಟು. ಈ ಮಾತಿಗೆ ಹಳೆಯ ಬೇರುಗಳಿವೆ. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿಗೂ ಗರ್ಭಕ್ಕೂ ನಡುವೆ ಸ್ಥಿರವಾಗಿ ನಿಲ್ಲುವುದಿಲ್ಲ, ಆದ್ದರಿಂದ ಆಗ ಸಂಭವಿಸುವ ಹೆರಿಗೆ ಅಪಾಯಕರ ಎಂದು ಆಯುರ್ವೇದದ ಪ್ರಾಚೀನ ಸಂಹಿತೆಗಳೂ ಹೇಳಿವೆ. ಹೇಳಿದವರು ಶಿಶುವಿನ ಮೇಲಿನ ಕಾಳಜಿಯಿಂದಲೇ ಹೇಳಿದರು. ಆದರೆ ಈ ಮಾತು ಇಂದು ಮಾಡುತ್ತಿರುವ ಹಾನಿಯನ್ನು ನಾನು ಕಂಡಿದ್ದೇನೆ. ನವಜಾತ ಶಿಶುಗಳ ಘಟಕದ ಬಾಗಿಲಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು, "ಎಂಟನೇ ತಿಂಗಳಾಗ ಹುಟ್ಟೈತ್ರಿ, ಉಳಿಯೂದಿಲ್ಲ ಬಿಡ್ರಿ, ನಮ್ಮ ಕೂಸು ನಮಗ ಕೊಟ್ಟಬಿಡ್ರಿ, ಊರಿಗೆ ಒಯ್ತೀವಿ" ಎಂದು ಎರಡು ದಿನ ಪಟ್ಟು ಹಿಡಿದಿದ್ದರು. ಆ ಶಿಶುವಿಗೆ 33 ವಾರ ತುಂಬಿತ್ತು. ಉಸಿರಾಟದ ತೊಂದರೆಯಿತ್ತು, ಆದರೆ ಅದು ವಾಸಿಯಾಗುವ ತೊಂದರೆಯಾಗಿತ್ತು. ಮೂರು ವಾರಗಳ ಬಳಿಕ ಅದೇ ಅಜ್ಜಿಯ ಮಡಿಲಲ್ಲಿ ಅದು ಮನೆಗೆ ಹೋಯಿತು.

ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಶಿಶುವಿಗೆ ಬಲ ತರುತ್ತದೆ. ಏಳರ ಕೂಸಿಗಿಂತ ಎಂಟರ ಕೂಸು ಬದುಕುವ ಸಂಭವ ಯಾವಾಗಲೂ ಹೆಚ್ಚು. ಎಂಟಕ್ಕಿಂತ ಒಂಬತ್ತರದ್ದು ಇನ್ನೂ ಹೆಚ್ಚು. ಹೀಗೆ ಬೇಗ ಹುಟ್ಟಿದ ಶಿಶುವಿನ ಅಳಿವು ಉಳಿವನ್ನು ಮೊದಲ ಮೂರು ದಿನಗಳಲ್ಲಿ ಬಹುಮಟ್ಟಿಗೆ ನಿರ್ಧರಿಸುವ ಅಂಗವೆಂದರೆ ಶ್ವಾಸಕೋಶ. ಅದರ ಚಿಕಿತ್ಸೆಯ ಅತ್ಯಂತ ಮುಖ್ಯವಾದ ಭಾಗ ಶಿಶು ಹುಟ್ಟುವ ಮೊದಲೇ, ತಾಯಿಯ ಮೂಲಕ ನಡೆಯಬೇಕಾದದ್ದು. ಇದನ್ನು ತಿಳಿದ ಕುಟುಂಬಗಳು ಕಡಿಮೆ. ಈ ಲೇಖನವನ್ನು ಬರೆಯಲು ಅದೇ ಕಾರಣ.

ಮೊದಲು ಲೆಕ್ಕದ ವಿಚಾರ. ವೈದ್ಯರು ಗರ್ಭವನ್ನು ತಿಂಗಳುಗಳಲ್ಲಿ ಎಣಿಸುವುದಿಲ್ಲ, ವಾರಗಳಲ್ಲಿ ಎಣಿಸುತ್ತಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರಕ್ಕೆ ಪೂರ್ಣಾವಧಿ. 37 ವಾರ ತುಂಬುವ ಮೊದಲು ಹುಟ್ಟಿದ್ದು ಅವಧಿಪೂರ್ವ ಶಿಶು. "ಎಂಟು ತಿಂಗಳು" ಎಂದರೆ ಎಂಟು ತುಂಬಿತೋ, ಎಂಟರಲ್ಲಿ ನಡೆಯುತ್ತಿದೆಯೋ, ಚಾಂದ್ರಮಾನದ ತಿಂಗಳೋ ಎಂಬುದು ಸ್ಪಷ್ಟವಾಗದು. ಶ್ವಾಸಕೋಶದ ದೃಷ್ಟಿಯಿಂದ 31 ವಾರಕ್ಕೂ 35 ವಾರಕ್ಕೂ ಇರುವ ಅಂತರ ಬಹು ದೊಡ್ಡದು. ಮುಟ್ಟಿನ ದಿನ ನೆನಪಿಲ್ಲದವರಿಗೆ ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್ ಅತ್ಯಂತ ನಂಬಲರ್ಹವಾದ ದಿನಾಂಕ ಕೊಡುತ್ತದೆ. ತಡವಾಗಿ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಎರಡು ಮೂರು ವಾರಗಳ ವ್ಯತ್ಯಾಸ ಬರಬಹುದು. ಸೀಮಂತ ಮುಗಿಸಿ ತವರಿಗೆ ಹೊರಡುವ ಹೆಣ್ಣುಮಗಳು ಸೀರೆ, ಬಳೆಗಳ ಜೊತೆಗೆ ತಾಯಿ ಕಾರ್ಡನ್ನೂ ಆ ಮೊದಲ ಸ್ಕ್ಯಾನಿಂಗಿನ ವರದಿಯನ್ನೂ ತಪ್ಪದೆ ಒಯ್ಯಬೇಕು. ತವರೂರಿನ ವೈದ್ಯರಿಗೆ ಅವಳ ವಾರಗಳ ಲೆಕ್ಕ ಬೇರೆಲ್ಲಿಂದಲೂ ಸಿಗುವುದಿಲ್ಲ.

ಇನ್ನು ಶ್ವಾಸಕೋಶದ ಕಡೆಗೆ ಬರೋಣ. ಗರ್ಭದಲ್ಲಿರುವ ಶಿಶು ಉಸಿರಾಡಿ ಬದುಕುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ಬರುತ್ತದೆ. ಅದರ ಶ್ವಾಸಕೋಶದಲ್ಲಿ ಗಾಳಿಯಿಲ್ಲ, ಶ್ವಾಸಕೋಶವೇ ಒಸರಿಸಿದ ದ್ರವ ತುಂಬಿರುತ್ತದೆ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಆ ದ್ರವ ಹಿಂಗಿ, ಅಸಂಖ್ಯ ಪುಟ್ಟ ವಾಯುಕೋಶಗಳಲ್ಲಿ ಗಾಳಿ ತುಂಬಿಕೊಳ್ಳಬೇಕು. ಇಲ್ಲಿ ಒಂದು ತೊಡಕಿದೆ. ಒದ್ದೆಯಾದ ಎರಡು ಗಾಜಿನ ಹಲಗೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು. ನೀರಿನ ಮೇಲ್ಮೈಗೆ ತನ್ನನ್ನು ತಾನು ಕುಗ್ಗಿಸಿಕೊಳ್ಳುವ ಎಳೆತವೊಂದಿದೆ. ತೇವದ ಒಳಪದರವಿರುವ ವಾಯುಕೋಶವನ್ನೂ ಅದೇ ಎಳೆತ ಒಳಮುಖವಾಗಿ ಜಗ್ಗುತ್ತದೆ. ಕೋಶ ಚಿಕ್ಕದಾದಷ್ಟೂ ಜಗ್ಗುವ ಬಲ ಹೆಚ್ಚು. ಉಸಿರು ಬಿಟ್ಟಾಗಲೆಲ್ಲ ಕೋಶಗಳು ಮುಚ್ಚಿ ಅಂಟಿಕೊಳ್ಳಬೇಕಿತ್ತು.

ಹಾಗಾಗದಂತೆ ನಿಸರ್ಗ ಮಾಡಿರುವ ಏರ್ಪಾಟು ಸೋಜಿಗದ್ದು. ವಾಯುಕೋಶಗಳ ಗೋಡೆಯಲ್ಲಿರುವ ಒಂದು ಬಗೆಯ ಜೀವಕೋಶಗಳು ಕೊಬ್ಬು ಮತ್ತು ಪ್ರೋಟೀನುಗಳಿಂದ ಕೂಡಿದ ಸಾಬೂನಿನಂಥ ದ್ರವ್ಯವೊಂದನ್ನು ಸ್ರವಿಸುತ್ತವೆ. ಅದರ ಹೆಸರು ಸರ್ಫ್ಯಾಕ್ಟೆಂಟ್. ಅದು ಒಳಗೋಡೆಯ ಮೇಲೆ ತೆಳುವಾಗಿ ಹರಡಿ ನೀರಿನ ಎಳೆತವನ್ನು ಸಡಿಲಿಸುತ್ತದೆ. ಉಸಿರು ಬಿಟ್ಟ ಮೇಲೂ ಕೋಶಗಳು ಸ್ವಲ್ಪ ತೆರೆದೇ ಉಳಿಯುತ್ತವೆ, ಮುಂದಿನ ಉಸಿರು ಹಗುರವಾಗುತ್ತದೆ. ಹೊಸ ಬಲೂನನ್ನು ಮೊದಲ ಬಾರಿ ಊದಲು ಕೆನ್ನೆ ನೋಯುತ್ತದೆ, ಅರ್ಧ ಉಬ್ಬಿದ ಮೇಲೆ ಸಲೀಸು, ಹಾಗೆಯೇ ಇದು. ಸುಮಾರು 24 ವಾರಗಳ ಹೊತ್ತಿಗೆ ಈ ದ್ರವ್ಯದ ತಯಾರಿ ಆರಂಭವಾಗಿ, ಸುಮಾರು 35 ವಾರಗಳ ಹೊತ್ತಿಗೆ ಸಾಕಷ್ಟು ಪ್ರಮಾಣಕ್ಕೆ ಬರುತ್ತದೆ. ಅದಕ್ಕಿಂತ ಮೊದಲು ಹುಟ್ಟಿದ ಶಿಶುವಿಗೆ ಪ್ರತಿಯೊಂದು ಉಸಿರೂ ಹೊಸ ಬಲೂನನ್ನು ಊದಿದಂತೆಯೇ ಆಗುತ್ತದೆ. ಕೆಲವು ಗಂಟೆಗಳಲ್ಲಿ ಅದು ದಣಿದುಬಿಡುತ್ತದೆ.

ಈ ದಣಿವಿನ ಲಕ್ಷಣಗಳನ್ನು ತಾಯಿಯೂ ಗುರುತಿಸಬಹುದು. ಉಸಿರಿನ ವೇಗ ನಿಮಿಷಕ್ಕೆ 60ನ್ನು ಮೀರುತ್ತದೆ. ಮೂಗಿನ ಹೊಳ್ಳೆಗಳು ಅರಳುತ್ತವೆ. ಉಸಿರೆಳೆದಾಗ ಪಕ್ಕೆಲುಬುಗಳ ನಡುವೆ, ಎದೆಯ ಕೆಳಗೆ ಗುಳಿ ಬೀಳುತ್ತದೆ. ತುಟಿ, ನಾಲಿಗೆ ನೀಲಿಗಟ್ಟುತ್ತವೆ. ಪ್ರತಿ ಉಸಿರಿನ ಕೊನೆಗೆ ಸಣ್ಣದಾಗಿ ನರಳಿದಂಥ ಸದ್ದು ಕೇಳುತ್ತದೆ. "ಕೂಸು ಏನೋ ಮಾತಾಡ್ತೈತಿ" ಎಂದು ಮನೆಯವರು ಸಂತೋಷಪಟ್ಟದ್ದನ್ನು ನಾನು ಕೇಳಿದ್ದೇನೆ. ಅದು ಮಾತಲ್ಲ. ಗಂಟಲಿನ ಬಾಗಿಲನ್ನು ಅರೆಮುಚ್ಚಿ, ಒಳಗಿನ ಗಾಳಿ ಪೂರ್ತಿ ಹೊರಹೋಗದಂತೆ, ಕೋಶಗಳು ಮುಚ್ಚದಂತೆ ಆ ಶಿಶು ಮಾಡುತ್ತಿರುವ ಹೋರಾಟದ ಸದ್ದು ಅದು. ಅದನ್ನು ಕೇಳಿದ ಕೂಡಲೇ ಶಿಶುವನ್ನು ಆಸ್ಪತ್ರೆಗೆ ಒಯ್ಯಬೇಕು.

ಈ ರೋಗದ ಮೂಲವನ್ನು ವೈದ್ಯಲೋಕ ತಿಳಿದುಕೊಂಡದ್ದು ನಿಧಾನವಾಗಿ. 1929ರಲ್ಲಿಯೇ ಕುರ್ಟ್ ವಾನ್ ನೀರ್ಗಾರ್ಡ್ ಎಂಬ ವಿಜ್ಞಾನಿ, ಶ್ವಾಸಕೋಶವನ್ನು ಗಾಳಿಯಿಂದ ಉಬ್ಬಿಸುವುದಕ್ಕಿಂತ ದ್ರವದಿಂದ ಉಬ್ಬಿಸುವುದು ಸುಲಭವೆಂದು ತೋರಿಸಿ, ಮೇಲ್ಮೈ ಎಳೆತದ ಪಾತ್ರವನ್ನು ಸೂಚಿಸಿದ್ದರು. ಅದನ್ನು ಬಹುಕಾಲ ಯಾರೂ ಗಮನಿಸಲಿಲ್ಲ. 1959ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ಅವರು, ಹೀಗೆ ತೀರಿಕೊಂಡ ಶಿಶುಗಳ ಶ್ವಾಸಕೋಶದಲ್ಲಿ ಈ ಸಾಬೂನಿನಂಥ ದ್ರವ್ಯದ ಕೊರತೆಯಿತ್ತು ಎಂದು ಸಾಬೀತುಪಡಿಸಿದರು. ಕಾರಣ ತಿಳಿಯಿತು, ಮದ್ದು ಇನ್ನೂ ಇರಲಿಲ್ಲ. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಸುಮಾರು ಐದೂವರೆ ವಾರ ಮೊದಲೇ ಹುಟ್ಟಿದನು. ತೂಕ ಎರಡು ಕಿಲೋಗ್ರಾಂಗಿಂತ ತುಸು ಹೆಚ್ಚೇ ಇತ್ತು. ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಇರಿಸಿಯೂ ಆ ಶಿಶು ಉಳಿಯಲಿಲ್ಲ. ಬದುಕಿದ್ದದ್ದು 39 ಗಂಟೆ. ಇಂದು ಅಷ್ಟೇ ವಾರಗಳ, ಅಷ್ಟೇ ತೂಕದ ಶಿಶುಗಳು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಬದುಕಿ ಮನೆಗೆ ಹೋಗುವುದು ಸಾಮಾನ್ಯ ಸಂಗತಿ. ಅಂದು ದೇಶದ ಅಧ್ಯಕ್ಷನಿಗೂ ದೊರೆಯದ ಚಿಕಿತ್ಸೆ ಇಂದು ಕೂಲಿಕಾರನ ಮಗುವಿಗೆ ಉಚಿತವಾಗಿ ದೊರೆಯುತ್ತದೆ. ದೊರೆಯಬೇಕಾದರೆ ಸಮಯಕ್ಕೆ ತಲುಪಬೇಕು.

ಆ ಬದಲಾವಣೆಯ ಮೊದಲ ಹೆಜ್ಜೆ ಕುರಿಮರಿಗಳಿಂದ ಬಂತು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಪ್ರಸೂತಿ ವೈದ್ಯರು ಹೆರಿಗೆ ಆರಂಭವಾಗಲು ಕಾರಣವೇನೆಂದು ಕುರಿಗಳಲ್ಲಿ ಪರೀಕ್ಷಿಸುತ್ತಿದ್ದರು. ಹಾರ್ಮೋನು ಕೊಟ್ಟ ಬಳಿಕ ಬಹಳ ಬೇಗ ಹುಟ್ಟಿದ ಮರಿಯೊಂದು, ಲೆಕ್ಕದ ಪ್ರಕಾರ ಉಸಿರಾಡಬಾರದಾಗಿದ್ದರೂ, ಉಸಿರಾಡುತ್ತಿತ್ತು! ಅವರು ಹುಡುಕುತ್ತಿದ್ದುದು ಬೇರೆ, ಕೈಗೆ ಸಿಕ್ಕಿದ್ದು ಬೇರೆ. ಸ್ಟೀರಾಯ್ಡ್ ಬಗೆಯ ಹಾರ್ಮೋನು ಗರ್ಭಸ್ಥ ಶಿಶುವಿನ ಶ್ವಾಸಕೋಶವನ್ನು ಬೇಗ ಬಲಿಯಿಸುತ್ತದೆ ಎಂಬ ಅರಿವು ಅಲ್ಲಿಂದ ಮೂಡಿತು. 1972ರಲ್ಲಿ ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ ಅವರು 282 ತಾಯಂದಿರಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಚುಚ್ಚುಮದ್ದು ಪಡೆಯದ ಗುಂಪಿನಲ್ಲಿ ನಾಲ್ಕರಲ್ಲೊಂದು ಶಿಶುವಿಗೆ ಈ ರೋಗ ಬಂದಿದ್ದರೆ, ಪಡೆದ ಗುಂಪಿನಲ್ಲಿ ನೂರಕ್ಕೆ ಒಂಬತ್ತು ಶಿಶುಗಳಿಗೆ ಮಾತ್ರ ಬಂದಿತ್ತು.

ಇಂದು ನಮ್ಮಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿರುವ, 24ರಿಂದ 34 ವಾರಗಳ ಗರ್ಭಿಣಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದನ್ನು 12 ಗಂಟೆಗೊಮ್ಮೆ ನಾಲ್ಕು ಬಾರಿ, ಅಥವಾ ಬೀಟಾಮೆಥಾಸೋನ್ ಚುಚ್ಚುಮದ್ದನ್ನು 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಕೊಡುತ್ತಾರೆ. ಬೆಲೆ ಅತ್ಯಲ್ಪ. "ಸ್ಟೀರಾಯ್ಡ್" ಎಂಬ ಹೆಸರು ಕೇಳಿಯೇ ಬೇಡವೆನ್ನುವವರಿದ್ದಾರೆ. ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗುವುದರಿಂದ ಆಗುವ ತೊಂದರೆಗಳನ್ನು ಈ ಎರಡು ದಿನಗಳ ಚಿಕಿತ್ಸೆಗೆ ಹೊಂದಿಸಿ ಹೆದರುವುದು ಸರಿಯಲ್ಲ. ಆದರೆ ತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ, ಜ್ವರ ಅಥವಾ ಸೋಂಕಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು.

ಮದ್ದು ಒಳ್ಳೆಯದೆಂದು ಎಲ್ಲೆಂದರಲ್ಲಿ ಕೊಡಿಸುವಂತಿಲ್ಲ ಎಂಬುದಕ್ಕೆ ನಮ್ಮ ಬೆಳಗಾವಿಯೂ ಸಾಕ್ಷಿ. ಬೆಳಗಾವಿ, ನಾಗಪುರ ಸೇರಿದಂತೆ ಆರು ದೇಶಗಳ ಗ್ರಾಮೀಣ ಪ್ರದೇಶಗಳಲ್ಲಿ ಈ ಚುಚ್ಚುಮದ್ದಿನ ಬಳಕೆಯನ್ನು ವ್ಯಾಪಕವಾಗಿ ಹೆಚ್ಚಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನಿರೀಕ್ಷೆಗೆ ವಿರುದ್ಧವಾಗಿ, ಚಿಕ್ಕ ಶಿಶುಗಳ ಸಾವು ಇಳಿಯಲಿಲ್ಲ. ಒಟ್ಟಾರೆ ಶಿಶುಮರಣ ತುಸು ಏರಿತು. ವಾರಗಳ ಲೆಕ್ಕ ಖಚಿತವಿಲ್ಲದೆ, ಪೂರ್ಣಾವಧಿಗೆ ಹೆರುವ ಅನೇಕ ತಾಯಂದಿರಿಗೂ ಮದ್ದು ಹೋಗಿತ್ತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ 29 ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗಿನಿಂದ ವಾರಗಳನ್ನು ಖಚಿತಪಡಿಸಿಕೊಂಡು, ಶಿಶು ಆರೈಕೆಯ ಸೌಲಭ್ಯವಿರುವಲ್ಲಿ ಮಾತ್ರ ಕೊಟ್ಟು ನೋಡಿತು. ಅದರಲ್ಲಿಯೂ ಬೆಳಗಾವಿ ಭಾಗವಹಿಸಿತ್ತು. 2020ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು: ಸುಮಾರು 25 ತಾಯಂದಿರಿಗೆ ಮದ್ದು ಕೊಟ್ಟರೆ ಒಂದು ಶಿಶುವಿನ ಸಾವು ತಪ್ಪುತ್ತದೆ. ಮದ್ದು ಅದೇ; ಸರಿಯಾದ ವಾರ, ಸರಿಯಾದ ಸ್ಥಳ ಸೇರಿದಾಗ ಅದು ಪ್ರಾಣ ಉಳಿಸಿತು.

ಕುಟುಂಬ ಮಾಡಬೇಕಾದ ಕೆಲಸ ಇಲ್ಲಿಯೇ ಇದೆ. ಮದ್ದು ಪೂರ್ಣ ಫಲ ಕೊಡಲು ಸುಮಾರು ಒಂದು ದಿನ ಬೇಕು, ಕೆಲವು ಗಂಟೆಗಳು ಸಿಕ್ಕರೂ ಪ್ರಯೋಜನವಿದೆ. ಹೊಟ್ಟೆ ಆಗಾಗ ಕಲ್ಲಿನಂತೆ ಗಟ್ಟಿಯಾಗುವುದು, ಬಂದು ಹೋಗುವ ಸೊಂಟನೋವು, ನೀರು ಸೋರುವುದು, ರಕ್ತ ಕಾಣಿಸುವುದು, ಇವು 37 ವಾರಕ್ಕೆ ಮೊದಲು ಕಂಡರೆ "ಸುಳ್ಳುನೋವು, ಕಷಾಯ ಕುಡಿದರೆ ಹೋದೀತು" ಎಂದು ರಾತ್ರಿ ಕಳೆಯಬಾರದು. 108ಕ್ಕೆ ಕರೆ ಮಾಡಿ, ಸಾಧ್ಯವಾದಷ್ಟೂ ನವಜಾತ ಶಿಶುಗಳ ವಿಶೇಷ ಘಟಕವಿರುವ ಆಸ್ಪತ್ರೆಗೇ ಹೋಗಬೇಕು. ದಾರಿ ದೂರವಿದ್ದರೆ, ಕಳುಹಿಸುವ ಮುನ್ನ ಮೊದಲ ಚುಚ್ಚುಮದ್ದನ್ನು ಕೊಡಲು ಹತ್ತಿರದ ಆರೋಗ್ಯ ಕೇಂದ್ರದ ದಾದಿಗೂ ಸರ್ಕಾರದ 2014ರ ಮಾರ್ಗಸೂಚಿ ಅನುಮತಿ ನೀಡಿದೆ. ಸಣ್ಣ ಆಸ್ಪತ್ರೆಯಲ್ಲಿ ಹೆತ್ತು, ನೀಲಿಗಟ್ಟಿದ ಶಿಶುವನ್ನು ಜೀಪಿನಲ್ಲಿ ಅರವತ್ತು ಕಿಲೋಮೀಟರ್ ಸಾಗಿಸುವುದಕ್ಕೂ, ಅದು ಹೊಟ್ಟೆಯಲ್ಲಿರುವಾಗಲೇ ತಾಯಿ ಆ ದಾರಿ ಸವೆಸುವುದಕ್ಕೂ ಅಜಗಜಾಂತರವಿದೆ. ತಾಯಿಯ ಗರ್ಭಕ್ಕಿಂತ ಬೆಚ್ಚಗಿನ, ಸುರಕ್ಷಿತವಾದ ವಾಹನ ಇನ್ನೂ ಯಾವುದೂ ತಯಾರಾಗಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಒಳ್ಳೆಯ ನಕ್ಷತ್ರ ನೋಡಿ, ಮುಹೂರ್ತ ಕೇಳಿ, ವೈದ್ಯಕೀಯ ಕಾರಣವಿಲ್ಲದೆ 36, 37 ವಾರಕ್ಕೇ ಸಿಸೇರಿಯನ್ ಮಾಡಿಸಿರೆಂದು ಒತ್ತಾಯಿಸುವವರು ಹೆಚ್ಚುತ್ತಿದ್ದಾರೆ. ನೋವು ಬರುವ ಮುನ್ನ, 39 ವಾರಕ್ಕೆ ಮೊದಲು ಹೀಗೆ ತೆಗೆದ ಶಿಶುಗಳಲ್ಲಿ ಉಸಿರಾಟದ ತೊಂದರೆ ಹೆಚ್ಚು. ನಕ್ಷತ್ರ ಎಷ್ಟೇ ಶುಭವಾಗಿದ್ದರೂ ಶ್ವಾಸಕೋಶಕ್ಕೆ ಅದರ ಅರಿವಿಲ್ಲ.

ಶಿಶು ಹುಟ್ಟಿದ ಬಳಿಕದ ಚಿಕಿತ್ಸೆ ವೈದ್ಯರ ಕೆಲಸ. ಆದರೂ ಒಳಗೆ ಏನು ನಡೆಯುತ್ತಿದೆಯೆಂದು ತಿಳಿದಿದ್ದರೆ ಹೊರಗೆ ಕಾಯುವವರ ಭಯ ಕಡಿಮೆಯಾದೀತು. ಸ್ಥಿತಿ ಅನುಕೂಲವಿದ್ದರೆ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷದಷ್ಟು ತಡೆದು ಕತ್ತರಿಸುತ್ತಾರೆ. ಮಾಸಿನಲ್ಲಿರುವ ರಕ್ತ ಶಿಶುವಿಗೆ ಸೇರುತ್ತದೆ. ತೀರ ಚಿಕ್ಕ ಶಿಶುವನ್ನು ಮೈ ತಣ್ಣಗಾಗದಂತೆ ಸ್ವಚ್ಛವಾದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತುವುದೂ ಉಂಟು. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ.

ಬಳಿಕ ಮೂಗಿಗೆ ಎರಡು ಪುಟ್ಟ ನಳಿಕೆಗಳನ್ನು ಜೋಡಿಸುತ್ತಾರೆ. ಇದಕ್ಕೆ ಸಿಪ್ಯಾಪ್ ಎಂದು ಹೆಸರು. ಶಿಶುವಿನ ಪರವಾಗಿ ಈ ಸಾಧನ ಉಸಿರಾಡುವುದಿಲ್ಲ, ಉಸಿರಾಡುವುದು ಶಿಶುವೇ. ನಿರಂತರವಾದ ಮೆಲುಒತ್ತಡದ ಗಾಳಿಯನ್ನು ಕಳುಹಿಸಿ, ಉಸಿರು ಬಿಟ್ಟಾಗ ಕೋಶಗಳು ಮುಚ್ಚದಂತೆ ಅದು ಆಸರೆ ಕೊಡುತ್ತದೆ. ಶಿಶು ನರಳುತ್ತ ತಾನೇ ಮಾಡಲು ಹವಣಿಸುತ್ತಿದ್ದ ಕೆಲಸವನ್ನೇ ಇದು ದಣಿವಿಲ್ಲದೆ ಮಾಡುತ್ತದೆ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಈ ಕ್ರಮದಿಂದ 20 ಶಿಶುಗಳಲ್ಲಿ 16 ಶಿಶುಗಳು ಉಳಿದವೆಂದು ವರದಿ ಮಾಡಿದಾಗ ವೈದ್ಯರು ಬೆರಗಾದರು. ನಮ್ಮ ಅನೇಕ ಆಸ್ಪತ್ರೆಗಳಲ್ಲಿರುವ ಸಾಧನ ಬಹಳ ಸರಳ. ಗಾಳಿ ಹೊರಹೋಗುವ ಕೊಳವೆಯ ತುದಿಯನ್ನು ಬಾಟಲಿಯ ನೀರಿನಲ್ಲಿ ಐದಾರು ಸೆಂಟಿಮೀಟರ್ ಮುಳುಗಿಸಿರುತ್ತಾರೆ. ಎಷ್ಟು ಆಳ ಮುಳುಗಿದೆಯೋ ಅಷ್ಟು ಒತ್ತಡ. ಬಾಟಲಿಯಲ್ಲಿ ಗುಳುಗುಳು ಗುಳ್ಳೆಗಳು ಏಳುತ್ತಿದ್ದರೆ ಎಲ್ಲವೂ ಸರಿಯಿದೆಯೆಂದು ದಾದಿಗೆ ದೂರದಿಂದಲೇ ತಿಳಿಯುತ್ತದೆ.

ಇದರಿಂದ ಸಾಲದಿದ್ದರೆ ಕೊರತೆಯಿರುವ ಸರ್ಫ್ಯಾಕ್ಟೆಂಟನ್ನೇ ತೆಳುವಾದ ಕೊಳವೆಯ ಮೂಲಕ ಶ್ವಾಸನಾಳದೊಳಗೆ ಹಾಕುತ್ತಾರೆ. 1980ರಲ್ಲಿ ಜಪಾನಿನ ತೆತ್ಸುರೊ ಫುಜಿವಾರಾ ಹತ್ತು ಶಿಶುಗಳಿಗೆ ಇದನ್ನು ಕೊಟ್ಟು ಯಶಸ್ವಿಯಾದರು. ಮೈಬಣ್ಣ ನೀಲಿಯಿಂದ ಕೆಂಪಿಗೆ ತಿರುಗುವುದನ್ನು ಕೆಲವೊಮ್ಮೆ ನಿಮಿಷಗಳಲ್ಲೇ ಕಾಣಬಹುದು. ಈ ಮದ್ದು ಬಹುತೇಕ ದನ ಅಥವಾ ಹಂದಿಯ ಶ್ವಾಸಕೋಶದಿಂದ ಶುದ್ಧೀಕರಿಸಿ ತೆಗೆದದ್ದು. ನಮ್ಮ ಓದುಗರಲ್ಲಿ ಬಹುಮಂದಿ ಸಸ್ಯಾಹಾರಿಗಳಾದುದರಿಂದ ಇದನ್ನು ಮುಚ್ಚಿಡುವುದು ತರವಲ್ಲ. ಕೆಲವು ತಂದೆತಾಯಿಯರು ಕೇಳುತ್ತಾರೆ, ನಾನು ಇದ್ದುದನ್ನು ಇದ್ದಂತೆ ಹೇಳುತ್ತೇನೆ. ಇದು ಆಹಾರವಲ್ಲ, ಪ್ರಾಣರಕ್ಷಣೆಯ ಔಷಧ. ಅದೇ ಗಳಿಗೆಯಲ್ಲಿ ಇದಕ್ಕೆ ಸಮನಾದ ಬದಲಿ ನಮ್ಮ ಕೈಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ವಿಷಯ ತಿಳಿದ ಬಳಿಕ ಬೇಡವೆಂದ ತಾಯಿಯನ್ನು ನಾನು ಈವರೆಗೆ ಕಂಡಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಇದರ ಬೆಲೆ ಸಾವಿರಾರು ರೂಪಾಯಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅಸ್ವಸ್ಥ ಶಿಶುವಿನ ಚಿಕಿತ್ಸೆ, ಔಷಧ, ಸಾಗಾಟ ಎಲ್ಲವೂ ಒಂದು ವರ್ಷದವರೆಗೆ ಉಚಿತ. ಕೇಳಿ ಪಡೆಯುವುದಕ್ಕೆ ಸಂಕೋಚ ಬೇಡ. ಈ ಎರಡಕ್ಕೂ ಬಗ್ಗದ ತೊಂದರೆಗೆ ಮಾತ್ರ ವೆಂಟಿಲೇಟರ್ ಯಂತ್ರದ ನೆರವು ಬೇಕಾಗುತ್ತದೆ.

ಅವಧಿಪೂರ್ವ ಶಿಶು ಉಸಿರಾಡುವುದನ್ನೇ ನಡುನಡುವೆ ಮರೆಯುವುದೂ ಉಂಟು. ಮಿದುಳಿನ ಉಸಿರಾಟದ ಕೇಂದ್ರ ಇನ್ನೂ ಬಲಿತಿರುವುದಿಲ್ಲ. ಇದಕ್ಕೆ ಕೊಡುವ ಔಷಧ ಕೆಫೀನ್, ನಮ್ಮ ಕಾಫಿಯಲ್ಲಿರುವ ಅದೇ ಸತ್ವ! ಇದನ್ನು ಹೇಳಿದಾಗ ತಾಯಂದಿರ ಮುಖದಲ್ಲಿ ಮೊದಲ ಬಾರಿಗೆ ನಗು ಕಾಣುತ್ತದೆ. ಹಾಗೆಂದು ಮನೆಯಲ್ಲಿ ಶಿಶುವಿಗೆ ಕಾಫಿ ನೆಕ್ಕಿಸಬಾರದು.

ಆಮ್ಲಜನಕದ ವಿಷಯದಲ್ಲಿ ಹೆಚ್ಚಾದಷ್ಟೂ ಒಳ್ಳೆಯದೆಂಬ ಭಾವನೆ ತಪ್ಪು. 1940 ಮತ್ತು 50ರ ದಶಕಗಳಲ್ಲಿ ಲೆಕ್ಕವಿಲ್ಲದೆ ಆಮ್ಲಜನಕ ಕೊಟ್ಟು ಸಾವಿರಾರು ಶಿಶುಗಳು ಕಣ್ಣು ಕಳೆದುಕೊಂಡವು. ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವುದೇ ಅದಕ್ಕೆ ಕಾರಣ. ಆದ್ದರಿಂದ ಈಗ ರಕ್ತದಲ್ಲಿನ ಆಮ್ಲಜನಕವನ್ನು ನೂರಕ್ಕೆ 90ರಿಂದ 95ರ ನಡುವೆ ಇರಿಸುತ್ತೇವೆ. ಪರದೆಯ ಮೇಲೆ 93 ಎಂದು ಕಂಡು "ನೂರು ಯಾಕಿಲ್ಲ?" ಎಂದು ಜಗಳಕ್ಕೆ ಬರುವ ಚಿಕ್ಕಪ್ಪಂದಿರು ಇದನ್ನು ದಯವಿಟ್ಟು ಗಮನಿಸಬೇಕು.

ಇಷ್ಟೆಲ್ಲ ಯಂತ್ರಗಳ ನಡುವೆ ತಾಯಿಯ ಎದೆಗೆ ಸಮನಾದದ್ದು ಮತ್ತೊಂದಿಲ್ಲ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಶಿಶುಪೆಟ್ಟಿಗೆಗಳ ಕೊರತೆಯಿಂದಾಗಿ ಎಡ್ಗರ್ ರೇ ಎಂಬ ವೈದ್ಯರು ಶಿಶುಗಳನ್ನು ತಾಯಿಯ ಬರಿಯೆದೆಗೆ ಕಟ್ಟಿ ಬೆಚ್ಚಗಿಡುವ ಕ್ರಮವನ್ನು ಆರಂಭಿಸಿದರು. ಕಾಂಗರೂ ಆರೈಕೆಯೆಂದು ಅದು ಹೆಸರಾಯಿತು. ಶಿಶುವಿನ ಸ್ಥಿತಿ ಸುಧಾರಿಸುವವರೆಗೆ ಕಾಯದೆ, ಹುಟ್ಟಿದ ಕೂಡಲೇ ಹೀಗೆ ಇರಿಸಿದರೆ ಸಾವು ಸುಮಾರು ಕಾಲುಭಾಗ ತಗ್ಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಭಾರತದಲ್ಲೂ ಆಫ್ರಿಕದಲ್ಲೂ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ವಿಸ್ತರಿಸುವ ಪ್ರಯತ್ನ ನಡೆದಿದೆ. ತಾಯಿ ದಣಿದಾಗ ತಂದೆ, ಅಜ್ಜಿ, ಅತ್ತೆ ಯಾರಾದರೂ ಎದೆಗೊಡಬಹುದು. ಗಂಡಸರು ಮೊದಮೊದಲು ನಾಚುತ್ತಾರೆ. ಒಂದು ಗಂಟೆಯ ಬಳಿಕ ಕೂಸನ್ನು ಕೆಳಗಿಡಲು ಒಪ್ಪುವುದಿಲ್ಲ.

ಮನೆಗೆ ಬಂದ ಮೇಲೂ ಈ ಶ್ವಾಸಕೋಶ ಇನ್ನೂ ಎಳೆಯದು. ನೀರು ಹಾಕಿದ ಬಳಿಕ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಸುವ ಪದ್ಧತಿಯನ್ನು ಬಿಡಬೇಕು. ಒಲೆಯ ಹೊಗೆ, ಬೀಡಿ ಸಿಗರೇಟಿನ ಹೊಗೆ ಬಾಣಂತಿಯ ಕೋಣೆಗೆ ಸುಳಿಯಬಾರದು. ಮೂಗಿಗೆ, ಬಾಯಿಗೆ ಎಣ್ಣೆ ಬಿಡಬಾರದು. ಅದು ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ತೂಕ ಏರುವವರೆಗೆ ದಿನವೂ ಎರೆಯುವ ಅವಸರ ಬೇಡ, ಒದ್ದೆಬಟ್ಟೆಯಲ್ಲಿ ಒರೆಸಿದರೆ ಸಾಕು. ನೋಡಲು ಬರುವ ನೆಂಟರಲ್ಲಿ ಕೆಮ್ಮು ನೆಗಡಿಯಿದ್ದವರನ್ನು ಹೊಸಿಲಲ್ಲೇ ನಿಲ್ಲಿಸುವುದು ಅವಮಾನವಲ್ಲ. ಹಾಲು ಕುಡಿಯುವುದನ್ನು ಬಿಟ್ಟರೆ, ಮೈ ತಣ್ಣಗಾದರೆ, ಎದೆ ಗುಳಿಬಿದ್ದರೆ ಮತ್ತೆ ಆಸ್ಪತ್ರೆಗೆ ಧಾವಿಸಬೇಕು.

ಬಿಡುಗಡೆಯ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕ ಬರೆದಿದೆಯೇ ಎಂದು ನೋಡಿರಿ; ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿರಿ. 34 ವಾರಕ್ಕೆ ಮೊದಲು ಅಥವಾ ಎರಡು ಕಿಲೋಗ್ರಾಂಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುವಿನ ಅಕ್ಷಿಪಟಲವನ್ನು 30 ದಿನ ತುಂಬುವುದರೊಳಗೆ, ತೀರ ಚಿಕ್ಕ ಶಿಶುವಾದರೆ ಎರಡು ಮೂರು ವಾರಗಳಲ್ಲೇ ನೋಡಿಸಬೇಕು. ದೊಡ್ಡ ಊರಿಗೆ ಹೋಗಲಾಗದವರ ಶಿಶುಗಳಿಗಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಯೋಜನೆಯ ತಂಡಗಳು ಕ್ಯಾಮೆರಾದೊಂದಿಗೆ ಜಿಲ್ಲೆಗಳ ಆಸ್ಪತ್ರೆಗಳಿಗೇ ಬಂದು ಪರೀಕ್ಷಿಸಿವೆ. ತಂಡ ಬರುವ ವಾರ ಯಾವುದೆಂದು ನಿಮ್ಮ ಜಿಲ್ಲಾ ಆಸ್ಪತ್ರೆಯ ಶಿಶು ಘಟಕದ ದಾದಿಯನ್ನು ವಿಚಾರಿಸಬಹುದು. ಬಾಣಂತಿ ಹೊರಗೆ ಹೋಗಬಾರದೆಂಬ ಕಾರಣಕ್ಕೆ ಆ ದಿನವನ್ನು ಮುಂದೂಡಬೇಡಿರಿ. ತಾಯಿ ಬರಲಾಗದಿದ್ದರೆ ಅಜ್ಜಿ ಕೂಸನ್ನು ಎದೆಗವುಚಿಕೊಂಡು ಬಂದರೂ ಆದೀತು.